ತುಂಡಾದ ಸ್ಟಡ್, ಜಂಗು ಹಿಡಿದ ಬೋಲ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂಗಾರಿ ಬಿತ್ತನೆಗೆ ಕೂರಿಗೆ, ಟ್ರೇಲರ್ ಹೊರಗೆಳೆಯುವ ಹೊತ್ತು ಇದು. ಮಳೆಗಾಲವಿಡೀ ನೆನೆದ ಗಾಡಿಗಳು ಗ್ಯಾರೇಜಿಗೆ ಬರುವ ಹೊತ್ತೂ ಹೌದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಚ್ಚಲು ಬಾರದ ಬೋಲ್ಟ್, ಅರ್ಧಕ್ಕೆ ಮುರಿದ ಸ್ಟಡ್ (ತಲೆಯಿಲ್ಲದ, ನಟ್ ಹಾಕಿ ಬಿಗಿಯುವ ಬೋಲ್ಟ್) ಕುರಿತಾಗಿಯೇ ಇವೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇವೆ.

100 ಸಿಸಿ ಬೈಕಿನ ಸೈಲೆನ್ಸರ್ ಬಿಚ್ಚುವಾಗ ಹೆಡ್‌ನ ಒಂದು ಸ್ಟಡ್ ನಟ್ ಸಮೇತ ಮುರಿದು ಬಂತು. ಹೊರಗ ಮೂರ್ನಾಲ್ಕು ಮಿಮೀ ಉಳದೈತಿ. ವೈಸ್ ಗ್ರಿಪ್ ಹಾಕಿದರ ಜಾರತೈತಿ. ಡ್ರಿಲ್ ಹೊಡದು ಈಜಿ-ಔಟ್ ಹಾಕಲೇನ್ರಿ?
— ಬೈಕ್ ಮೆಕ್ಯಾನಿಕ್, ರಾಣೆಬೆನ್ನೂರು

ಈಜಿ-ಔಟ್, ಅಂದರೆ ಮುರಿದ ತುಂಡಿಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸುವ ಸಲಕರಣೆ, ಈಗಲೇ ಕೈಗೆತ್ತಿಕೊಳ್ಳಬೇಡಿ. ವೈಸ್ ಗ್ರಿಪ್ (ಕಚ್ಚಿ ಹಿಡಿದು ನಿಲ್ಲುವ ಇಕ್ಕಳ) ಕೂಡ ಬಿಡಿ. ಅದು ಜಾರಿದಷ್ಟೂ ಉಳಿದ ತುಂಡು ದುಂಡಗಾಗುತ್ತದೆ, ಹಿಡಿಯಲು ಇರುವ ಒಂದೇ ಆಧಾರವೂ ಹೋಗುತ್ತದೆ.

ಇಲ್ಲಿ ಎರಡು ಕಡೆ ಕಚ್ಚಿಕೊಂಡಿತ್ತು ಎಂಬುದನ್ನು ಗಮನಿಸಿ. ನಟ್ಟು ಸ್ಟಡ್ಡಿಗೆ ಜಂಗಿನಿಂದ ಕಚ್ಚಿತ್ತು. ಸ್ಟಡ್ಡು ಎಂಜಿನ್ನಿನ ಅಲ್ಯೂಮಿನಿಯಂ ಹೆಡ್‌ಗೆ ಬೇರೆ ಕಾರಣದಿಂದ ಕಚ್ಚಿತ್ತು: ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ನೀರು ಇಳಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗುತ್ತದೆ, ಆ ಪುಡಿ ಥ್ರೆಡ್ ಸಂದಿಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಇಂಥ ಬೈಕ್‌ಗಳಲ್ಲಿ ಈ ಸ್ಟಡ್ ಹೆಚ್ಚಾಗಿ ಎಂ6, ಕೆಲವು ದೊಡ್ಡ ಬೈಕ್‌ಗಳಲ್ಲಿ ಎಂ8. ಎಂ6 ಎಂದರೆ ಹೊರದಪ್ಪ 6 ಮಿಮೀ, ಥ್ರೆಡ್ ಬುಡದಲ್ಲಿ ಉಳಿಯುವ ದಪ್ಪ 4.8 ಮಿಮೀಗಿಂತ ಕಡಿಮೆ. ಉದ್ದನೆಯ ಹಿಡಿಕೆಯ ಪಾನಾದಿಂದ ಅದನ್ನು ಮುರಿಯಲು ಹೆಚ್ಚು ಬಲ ಬೇಕಿಲ್ಲ.

ನಿಮ್ಮ ಪರಿಸ್ಥಿತಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ತುಂಡಿನ ಮೇಲೆ ನಟ್ ಬೆಸೆಯುವುದು. ಎಂ6 ನಟ್ ಬೇಡ, ಎಂ8 ನಟ್ ತೆಗೆದುಕೊಳ್ಳಿ. ತೂತು ಅಗಲವಿದ್ದರೆ ವೆಲ್ಡಿಂಗ್ ತಂತಿ ತುಂಡಿನ ತಲೆಗೇ ಹೋಗಿ ಮುಟ್ಟುತ್ತದೆ. ಮೊದಲು ತುಂಡಿನ ತಲೆಯನ್ನು ತಂತಿ ಬ್ರಷ್‌ನಿಂದ ಹೊಳೆಯುವಂತೆ ಉಜ್ಜಿ, ಎಣ್ಣೆ ಹಾಕಿದ್ದರೆ ಒರೆಸಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬಿಎಸ್6 ಗಾಡಿಯಾದರೆ ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕನೆಕ್ಟರ್ ಕೂಡ ಬಿಡಿಸಿ, ಆಕ್ಸಿಜನ್ ಸೆನ್ಸರ್ ಹತ್ತಿರವಿದ್ದರೆ ಅದನ್ನೂ ತೆಗೆದಿಡಿ. ಅರ್ಥಿಂಗ್ ಕ್ಲಾಂಪ್ ಹೆಡ್‌ಗೇ ಇರಲಿ, ಚಾಸಿಗೆ ಹಾಕಬೇಡಿ. ಚಾಸಿಗೆ ಹಾಕಿದರೆ ಕರೆಂಟು ಬೇರಿಂಗ್ ಹಾಯ್ದು ಹೋಗುವ ಸಾಧ್ಯತೆ ಇರುತ್ತದೆ.

ತಂತಿ ತಾನೇ ಬರುವ ಮಿಗ್ ವೆಲ್ಡಿಂಗ್ ಸಿಕ್ಕರೆ ಉತ್ತಮ. ರಾಡ್ ವೆಲ್ಡಿಂಗ್ ಆದರೆ 2 ಮಿಮೀ ರಾಡ್, 50-60 ಆಂಪಿಯರ್. ತುಂಡಿನ ನಡುವೆ ಆರ್ಕ್ ಹಚ್ಚಿ, ಅಲ್ಲಿಂದ ಮೇಲಕ್ಕೆ ತುಂಬುತ್ತ ನಟ್ಟಿನ ಒಳಗೋಡೆಗೆ ತಾಗಿಸಿ ಮುಗಿಸಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಆ ಭಯ ಬೇಡ. ಬೆಸೆದ ಕೂಡಲೇ ತಿರುಗಿಸಬೇಡಿ, ಕೆಂಪಿದ್ದಾಗ ಉಕ್ಕು ಮೆತ್ತಗಿರುತ್ತದೆ. ಕೆಂಪು ಆರಿ ಕಪ್ಪಾದ ಮೇಲೆ, ಇನ್ನೂ ಬಿಸಿ ಇರುವಾಗಲೇ, ಬುಡಕ್ಕೆ ಮೇಣದ ಬತ್ತಿ ತಾಗಿಸಿ. ಮೇಣ ಕರಗಿ ಸಂದಿಯೊಳಗೆ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಚಿಕ್ಕ ಪಾನಾದಿಂದ ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು, ನಂತರ ಬಿಚ್ಚುವ ಕಡೆಗೆ ಅಷ್ಟೇ. ಹಿಂದೆ ಮುಂದೆ ಹೀಗೆ ಆಡಿಸುತ್ತ ಹೋದರೆ ಅಲುಗಾಟ ಕೈಗೆ ತಿಳಿಯುತ್ತದೆ. ಮೊದಲ ನಟ್ ಕಿತ್ತು ಬಂದರೆ ಬೇಸರ ಬೇಡ, ಎರಡನೆಯದನ್ನು ಬೆಸೆಯಿರಿ. ಮೂರ್ನಾಲ್ಕು ನಟ್ ಖರ್ಚಾಗುವುದು ಸಾಮಾನ್ಯ. ಪ್ರತಿ ಸಲ ಕಾದು ತಣಿಯುವಾಗ ಒಳಗಿನ ಪುಡಿಯ ಹಿಡಿತ ಸ್ವಲ್ಪ ಸ್ವಲ್ಪ ಒಡೆಯುತ್ತಿರುತ್ತದೆ. ನಿಜವಾಗಿ ಕೆಲಸ ಮಾಡುವುದು ಆ ಕಾವೇ.

ವೆಲ್ಡಿಂಗ್ ಆಗದೇ ಹೋದರೆ ಮಾತ್ರ ಡ್ರಿಲ್. ತುಂಡನ್ನು ಫೈಲ್‌ನಿಂದ ಸಪಾಟು ಮಾಡಿ ನಡುಮಧ್ಯಕ್ಕೆ ಸೆಂಟರ್ ಪಂಚ್ ಹೊಡೆಯಿರಿ. ಇಲ್ಲಿ ಅರ್ಧ ಮಿಮೀ ತಪ್ಪಿದರೂ ಮುಂದೆ ಎಲ್ಲ ತಪ್ಪುತ್ತದೆ. ಅಂದಾಜಿನ ಮೇಲೆ ಹೋಗದೆ, ಲೇತಿನವರಿಂದ ಒಂದು ಬುಷ್ ಮಾಡಿಸಿಕೊಳ್ಳಿ: ಹೊರವ್ಯಾಸ ಸೈಲೆನ್ಸರ್ ಫ್ಲ್ಯಾಂಜಿನ (ಸ್ಟಡ್ಡಿಗೆ ಕೂಡುವ ಚಪ್ಪಟೆ ಪಟ್ಟಿ) ತೂತಿಗೆ ಸರಿಯಾಗಿ ಕೂಡುವಂತೆ, ಒಳತೂತು 3 ಮಿಮೀ. ಫ್ಲ್ಯಾಂಜನ್ನು ಉಳಿದ ಸ್ಟಡ್ಡಿಗೆ ಬಿಗಿದು, ಬುಷ್ ಕೂರಿಸಿ, ಅದರೊಳಗಿಂದ ಡ್ರಿಲ್ ಹೊಡೆದರೆ ಬಿಟ್ ಸರಿದಾಡುವುದಿಲ್ಲ. ಮೊದಲು 3, ನಂತರ 4, ಕೊನೆಗೆ 5 ಮಿಮೀ. ಎಂ6ಕ್ಕೆ ಟ್ಯಾಪ್ (ಥ್ರೆಡ್ ಕೊರೆಯುವ ಸಲಕರಣೆ) ಓಡಿಸುವ ಮುನ್ನಿನ ಡ್ರಿಲ್ ಅಳತೆಯೇ 5. ಕೋಬಾಲ್ಟ್ ಬಿಟ್ ಇರಲಿ. ವೇಗ 3 ಮಿಮೀಗೆ ನಿಮಿಷಕ್ಕೆ 1500 ಸುತ್ತಿನ ಆಸುಪಾಸು, 5ಕ್ಕೆ ಸಾವಿರದೊಳಗೆ. ಬಿಟ್ ಒತ್ತದೆ ಸುಮ್ಮನೆ ತಿರುಗಿಸಿದರೆ ಉಕ್ಕು ಉಜ್ಜಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಬಿಟ್ಟೂ ಕಚ್ಚುವುದಿಲ್ಲ.

ಬರುವ ಚೂರಿನ ಮೇಲೆ ಕಣ್ಣಿಡಿ. ಉಕ್ಕಿನ ಚೂರು ಬೂದು ಬಣ್ಣದ ಸುರುಳಿ. ನಡುವೆ ಬೆಳ್ಳಗೆ ಫಳಫಳ ಹೊಳೆಯುವ ಮೆತ್ತನೆ ಚೂರು ಕಂಡಿತೋ, ಆ ಕ್ಷಣ ನಿಲ್ಲಿಸಿ. ಬಿಟ್ ಸ್ಟಡ್ ಬಿಟ್ಟು ಹೆಡ್ ಕೊರೆಯುತ್ತಿದೆ ಎಂದು ಅರ್ಥ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಬಿಟ್ ತಾನೇ ಆ ಕಡೆ ವಾಲುತ್ತದೆ. ನಡುಮಧ್ಯದಲ್ಲಿ 5 ಮಿಮೀ ತಲುಪಿದರೆ ಥ್ರೆಡ್‌ನಲ್ಲಿ ಉಳಿದ ತೆಳು ಸುರುಳಿಯನ್ನು ಸೂಜಿಮೊನೆಯ ಕೊಕ್ಕೆಯಿಂದ ಎಬ್ಬಿಸಿ ಎಳೆಯಬಹುದು. ಆಮೇಲೆ ಎಂ6 ಟ್ಯಾಪ್ ಓಡಿಸಿದರೆ ಹಳೆಯ ಥ್ರೆಡ್ಡೇ ಸಿಗುತ್ತದೆ.

ಈಜಿ-ಔಟ್ ಯಾಕೆ ಬೇಡ ಎಂದರೆ, ಪೂರ್ತಿ ದಪ್ಪದ ಸ್ಟಡ್ಡೇ ತಡೆಯಲಾರದೆ ಮುರಿದ ತಿರುಚನ್ನು ಅದರ ಹೊಟ್ಟೆಯೊಳಗೆ ಕೂರುವ ಸಣ್ಣ ಸಲಕರಣೆ ತಡೆಯಲಾರದು. ಮೇಲಾಗಿ ಅದು ಬೆಣೆಯಂತೆ ತುಂಡನ್ನು ಹಿಗ್ಗಿಸಿ ಇನ್ನಷ್ಟು ಬಿಗಿ ಮಾಡುತ್ತದೆ. ಅದುರಾಟದಿಂದ ಮುರಿದ, ಥ್ರೆಡ್ ಸಡಿಲವಿರುವ ಬೋಲ್ಟ್‌ಗೆ ಮಾತ್ರ ಅದು ಸರಿ.

ಗೊಬ್ಬರದ ಡಬ್ಬಿ ಇರೂ ಟ್ರ್ಯಾಕ್ಟರ್ ಕೂರಿಗಿ. ಹ್ವಾದ ವರ್ಷದ ಬಿತ್ತಗಿ ಮುಗದ ಮ್ಯಾಲೆ ಹಂಗ ನಿಲ್ಲಿಸಿದ್ದಿವಿ. ಈಗ ಒಂದ ಬೋಲ್ಟೂ ಬಿಚ್ಚವಲ್ಲವು. ಚಿಮಣಿ ಎಣ್ಣಿ ಹಾಕಿ ಎರಡ ದಿನ ಆತು. ಬ್ಯಾರೆ ಹಳೇ ಟ್ರೇಲರ್ ಬೋಲ್ಟ್ ಇಷ್ಟು ಜಂಗ ಹಿಡದಿಲ್ಲ, ಇದಕ್ಕ್ಯಾಕ ಹಿಂಗ?
— ರೈತರು, ನವಲಗುಂದ

ಕಾರಣ ಗೊಬ್ಬರ. ರಸಗೊಬ್ಬರ ಎಂದರೆ ಉಪ್ಪುಗಳೇ. ಗಾಳಿಯ ತೇವ ಹೀರಿಕೊಂಡು ಸದಾ ಹಸಿಯಾಗಿರುತ್ತವೆ. ಪೊಟ್ಯಾಷ್ ಗೊಬ್ಬರದಲ್ಲಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಕಬ್ಬಿಣಕ್ಕೆ ಕ್ಲೋರೈಡ್ ತಾಗಿತೆಂದರೆ ಜಂಗು ಬೇಗ ಬೇಗ ಹಬ್ಬುತ್ತದೆ. ಜೊತೆಗೆ ನಿಮ್ಮ ಕಡೆಯ ಎರೆಮಣ್ಣು ಬೋಲ್ಟಿನ ಸುತ್ತ ಅಂಟಿ ಒಣಗಿದರೆ ಒಳಗಿನ ತೇವ ವಾರಗಟ್ಟಲೆ ಆರುವುದಿಲ್ಲ. ಜಂಗು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ ಸಂದಿಯಲ್ಲಿ ಆ ಜಾಗ ಇಲ್ಲದ್ದರಿಂದ ಒಳಗೇ ಒತ್ತಿ ಬಿಗಿಯಾಗುತ್ತದೆ.

ಚಿಮಣಿ ಎಣ್ಣೆ ತಪ್ಪಲ್ಲ. ಆದರೆ ಮಣ್ಣಿನ ಮೇಲೆ ಸುರಿದರೆ ಮಣ್ಣೇ ಕುಡಿಯುತ್ತದೆ. ಮೊದಲು ಬಿಸಿನೀರು, ತಂತಿ ಬ್ರಷ್‌ನಿಂದ ತೊಳೆದು ನಟ್ಟಿನ ಆಚೆಗೆ ಹೊರಬಿದ್ದ ಥ್ರೆಡ್‌ನ ಒಂದೊಂದು ಸಾಲೂ ಕಾಣುವ ಹಾಗೆ ಉಜ್ಜಿ, ಬಿಸಿಲಲ್ಲಿ ಆರಿಸಿ. ಆಮೇಲೆ ಎಣ್ಣೆ. ಅಂಗಡಿಯಲ್ಲಿ ಸಿಗುವ ರಸ್ಟ್ ಸ್ಪ್ರೇ ಆಗಬಹುದು. ಅಸಿಟೋನ್ ಮತ್ತು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಸಮಸಮ ಬೆರೆಸಿದರೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ಅವೆರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುತ್ತದೆ, ಬೀಡಿ ಸೇದುವವರು ದೂರವಿರಲಿ. ಒಮ್ಮೆಗೆ ಬಹಳ ಸುರಿಯುವುದಕ್ಕಿಂತ ನಾಲ್ಕು ತಾಸಿಗೊಮ್ಮೆ ನಾಲ್ಕು ಹನಿ ಹಾಕಿ, ಪ್ರತಿ ಸಲ ಬೋಲ್ಟಿನ ತಲೆಗೆ ನೇರವಾಗಿ ಐದಾರು ಗಟ್ಟಿ ಪೆಟ್ಟು ಕೊಡಿ. ನಟ್ಟಿನ ಹಿಂದೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡಿದರೆ ಪೆಟ್ಟು ಪೂರ್ತಿ ಥ್ರೆಡ್‌ಗೇ ಹೋಗುತ್ತದೆ. ಪೆಟ್ಟಿನ ಕಂಪನದಲ್ಲಿ ಜಂಗಿನ ಪದರ ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಆಗುತ್ತದೆ.

ಪಾನಾ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯ ರಿಂಗ್ ಪಾನಾ ಸವೆದ ನಟ್ಟಿನ ತುದಿಗಳನ್ನಷ್ಟೇ ಹಿಡಿದು ದುಂಡಗೆ ಮಾಡಿಬಿಡುತ್ತದೆ. ಆರು ಮೂಲೆಯದು ಚಪ್ಪಟೆ ಬದಿಯನ್ನೇ ಒತ್ತುತ್ತದೆ. ಮೊದಲ ತಿರುವು ಬಿಗಿಯುವ ಕಡೆಗೆ. ಅಲುಗಿದ ಮೇಲೆ ಕಾಲು ಸುತ್ತು ಬಿಚ್ಚಿ, ಅದರರ್ಧ ವಾಪಸು ಬಿಗಿದು, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಒಂದೇ ಸಮ ಬಿಚ್ಚುತ್ತ ಹೋದರೆ ಪುಡಿ ಮುಂದೆ ಗುಡ್ಡೆಯಾಗಿ ನಡುದಾರಿಯಲ್ಲಿ ಮತ್ತೆ ಕಚ್ಚುತ್ತದೆ. ಬಹಳಷ್ಟು ಬೋಲ್ಟ್ ಮುರಿಯುವುದು ಹೀಗೆ ಅರ್ಧ ಬಂದ ಮೇಲೆಯೇ.

ಇಷ್ಟೆಲ್ಲ ಹೇಳಿದ ಮೇಲೂ, ಕೂರಿಗೆಯ ಚೌಕಟ್ಟಿನ ಆರ್‌ಪಾರ್ ಬೋಲ್ಟ್‌ಗಳಿಗೆ ನೀವು ಎರಡು ದಿನ ಕಳೆಯುವುದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಹದ ಆರಿಹೋದರೆ ಬಿತ್ತನೆ ಹೋಯಿತು. ಈ ಬೋಲ್ಟ್ ಹೊಸದು ತಂದು ಹಾಕಬಹುದಾದ ಅಗ್ಗದ ಸಾಮಾನು. ಗ್ರೈಂಡರ್‌ನಿಂದ ನಟ್ಟಿನ ಒಂದು ಚಪ್ಪಟೆ ಬದಿಯನ್ನು ಥ್ರೆಡ್ ಮುಟ್ಟುವವರೆಗೆ ಸೀಳಿ, ಸೀಳಿಗೆ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟರೆ ನಟ್ ಬಾಯಿ ಬಿಡುತ್ತದೆ. ಹೊಸದಕ್ಕೆ ತಲೆಯ ಮೇಲೆ 8.8 ಎಂದು ಬಲದ ದರ್ಜೆ ಅಚ್ಚಿರುವ ಬೋಲ್ಟನ್ನೇ ಕೇಳಿ. ಬೀಜ ಬೀಳುವ ಗಾಲಿ, ಗೇರ್ ಡಬ್ಬಿ ಮುಂತಾದ ಎರಕದ ಭಾಗಕ್ಕೆ ನೇರ ಕೂಡಿದ ಬೋಲ್ಟ್‌ಗೆ ಮಾತ್ರ ಮೇಲಿನ ತಾಳ್ಮೆಯ ಕೆಲಸ ಮಾಡಿ.

ಗ್ಯಾಸ್ ಸೆಟ್‌ನಿಂದ ಕಾಯಿಸಿದರೆ ಎಂಥ ಬೋಲ್ಟೂ ಬರುತ್ತದೆ ಎನ್ನುತ್ತಾರೆ. ಎಲ್ಲಿ ಕಾಯಿಸಬಹುದು, ಎಲ್ಲಿ ಬಾರದು? ಕಾಯಿಸಿದ ಬೋಲ್ಟ್ ಮತ್ತೆ ಹಾಕಬಹುದೇ?
— ಗ್ಯಾರೇಜ್ ಮಾಲೀಕರು, ಗದಗ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಹಾಕಬಾರದು. 8.8 ದರ್ಜೆಯ ಬೋಲ್ಟನ್ನು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಕನಿಷ್ಠ 425 ಡಿಗ್ರಿಯಲ್ಲಿ ಹದ ಮಾಡಿರುತ್ತಾರೆ. ನೀವು ಅದನ್ನು ಕೆಂಪಗೆ, ಅಂದರೆ 700 ಡಿಗ್ರಿ ಹತ್ತಿರ ಕಾಯಿಸಿದರೆ ಆ ಹದ ಹೋಯಿತು. ನೋಡಲು ಹಾಗೇ ಇರುತ್ತದೆ, ಬಿಗಿದಾಗ ಎಳೆದುಕೊಳ್ಳುತ್ತದೆ. ಸ್ಟೀರಿಂಗ್, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಕಾಯಿಸಿದ್ದರೆ ಬದಿಗೆ ಎಸೆದು ಹೊಸದು ಹಾಕಿ.

ಕಾಯಿಸುವುದು ಬೋಲ್ಟನ್ನಲ್ಲ, ಅದರ ಸುತ್ತಲಿನ ಲೋಹವನ್ನು. ನಟ್ ಹೊರಗಿದ್ದರೆ ನಟ್ಟನ್ನು ಬೇಗ ಬೇಗ ಸುತ್ತ ಕೆಂಪಗೆ ಮಾಡಿ, ಒಳಗಿನ ಬೋಲ್ಟ್‌ಗೆ ಕಾವು ಇಳಿಯುವ ಮೊದಲೇ ತಿರುಗಿಸಿ. ಅಲ್ಯೂಮಿನಿಯಂ ಹೌಸಿಂಗ್‌ಗೆ ಲೆಕ್ಕ ಬೇರೆ. ಪ್ರತಿ ಡಿಗ್ರಿಗೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿಗಿಂತ ಸುಮಾರು ಎರಡು ಪಟ್ಟು. ಎಂ10 ಬೋಲ್ಟ್ ಇರುವ ಹೌಸಿಂಗ್ 150 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ತೂತು ಸುಮಾರು 0.035 ಮಿಮೀ ದೊಡ್ಡದಾಗುತ್ತದೆ, ಬೋಲ್ಟ್ 0.018ರಷ್ಟೇ. ಆ ಚಿಕ್ಕ ವ್ಯತ್ಯಾಸವೇ ಹಿಡಿತ ಬಿಡಿಸಲು ಸಾಕು. ಅದಕ್ಕೆ ಹಾಟ್ ಏರ್ ಗನ್ ಸಾಕು, ಗ್ಯಾಸ್ ಕಟರ್ ಬೇಡ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎರಕದ ಮಿಶ್ರಲೋಹ ಅದಕ್ಕೂ ಮೊದಲೇ. ಅದು ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಬೆಳ್ಳಗಿದ್ದಂತೆಯೇ ಒಮ್ಮೆಲೇ ಕುಸಿದು ಬೀಳುತ್ತದೆ.

ಕಾಯಿಸಲೇಬಾರದ ಜಾಗಗಳು: ಪೆಟ್ರೋಲ್, ಡೀಸೆಲ್ ಟ್ಯಾಂಕ್ ಹಾಗೂ ಪೈಪಿನ ಸಮೀಪ, ಬ್ರೇಕ್ ಹೋಸ್, ರಬ್ಬರ್ ಬುಷ್, ಆಯಿಲ್ ಸೀಲ್ ಇರುವ ಬೇರಿಂಗ್, ಶಾಕ್ ಅಬ್ಸಾರ್ಬರ್ ಕೊಳವೆ. ಶಾಕ್ ಅಬ್ಸಾರ್ಬರ್ ಒಳಗೆ ಎಣ್ಣೆ, ಗ್ಯಾಸು ಮುಚ್ಚಿಟ್ಟಿರುತ್ತಾರೆ, ಕಾದರೆ ಸಿಡಿಯುತ್ತದೆ. ಸತುವಿನ ಲೇಪ ಇರುವ ಬೋಲ್ಟ್ ಕಾಯಿಸಿದಾಗ ಏಳುವ ಬಿಳಿ ಹೊಗೆ ಉಸಿರಿಗೆ ಹೋದರೆ ರಾತ್ರಿ ಚಳಿ ಜ್ವರ ಬರಬಹುದು, ಬಯಲಲ್ಲಿ ಮಾಡಿ. ಸ್ಪ್ರೇ ಬ್ರೇಕ್ ಕ್ಲೀನರ್ ಹೊಡೆದ ಭಾಗಕ್ಕೆ ಬೆಂಕಿ ಹಿಡಿಯಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಕಾವಿಗೆ ವಿಷಗಾಳಿಯಾಗುತ್ತದೆ.

ಟ್ರ್ಯಾಕ್ಟರ್ ಎಂಜಿನ್ ಬ್ಲಾಕಿನ ಎಂ8 ಬೋಲ್ಟ್ ತೆಗೆಯುವಾಗ ಈಜಿ-ಔಟ್ ಒಳಗೇ ಮುರಿದಿದೆ. ಯಾವ ಡ್ರಿಲ್ ಬಿಟ್ಟೂ ಅದನ್ನು ಕೊರೆಯುತ್ತಿಲ್ಲ.
— ಧಾರವಾಡ

ಕೊರೆಯುವುದೂ ಇಲ್ಲ. ಈಜಿ-ಔಟ್ ನಿಮ್ಮ ಡ್ರಿಲ್ ಬಿಟ್ಟಿನಷ್ಟೇ ಗಟ್ಟಿಯಾದ ಉಕ್ಕು. ಬಿಟ್ ಅದರ ಮೇಲಿಂದ ಜಾರಿ ಪಕ್ಕದ ಬ್ಲಾಕ್ ಕೊರೆಯುತ್ತದೆ, ಅಷ್ಟೇ. ದಯವಿಟ್ಟು ಡ್ರಿಲ್ ಬದಿಗಿಡಿ.

ಮೇಲೆ ಸ್ವಲ್ಪ ಕಾಣುತ್ತಿದ್ದರೆ ಸಣ್ಣ ಪಂಚ್ ಇಟ್ಟು ಬಿಚ್ಚುವ ದಿಕ್ಕಿಗಲ್ಲ, ನೇರ ಕೆಳಕ್ಕೆ ಚುರುಕಾಗಿ ಹೊಡೆಯಿರಿ. ಗಟ್ಟಿ ಉಕ್ಕು ಗಾಜಿನಂತೆ ಪುಡಿಯಾಗುವುದುಂಟು. ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ. ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ. ಆಗದಿದ್ದರೆ ಹೈಸ್ಪೀಡ್ ಡೈ ಗ್ರೈಂಡರ್‌ಗೆ 3 ಮಿಮೀ ಕಾರ್ಬೈಡ್ ಬರ್ (ಬಹಳ ಗಟ್ಟಿಯಾದ ಕೊರೆಯುವ ತುದಿ) ಹಾಕಿ ನಡುವಿನಿಂದ ತಿಂದುಹಾಕಬೇಕು. ನಿಧಾನದ ಕೆಲಸ, ಬರ್ ಒಂದೆರಡು ಸವೆದೂ ಹೋಗುತ್ತವೆ. ಎಲ್ಲಕ್ಕಿಂತ ಸ್ವಚ್ಛವಾದದ್ದು ಸ್ಪಾರ್ಕ್ ಇರೋಷನ್. ಕಿಡಿ ಹಾರಿಸಿ ಲೋಹವನ್ನು ಕಣಕಣವಾಗಿ ಉದುರಿಸುವ ಈ ಯಂತ್ರಕ್ಕೆ ಗಟ್ಟಿ, ಮೆತ್ತಗೆ ಎಂಬ ಭೇದವಿಲ್ಲ. ಡೈ, ಅಚ್ಚು ಮಾಡುವ ಟೂಲ್ ರೂಮ್‌ಗಳಲ್ಲಿ ಇರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿ. ಆದರೆ ಬಿಡಿಭಾಗವನ್ನು ಯಂತ್ರದ ಮೇಜಿನ ಮೇಲೆ ಇಡಬೇಕಾಗುತ್ತದೆ, ಹಾಗಾಗಿ ಹೆಡ್‌ಗೆ ಸುಲಭ, ಟ್ರ್ಯಾಕ್ಟರಿನಲ್ಲೇ ಕೂತ ಬ್ಲಾಕ್‌ಗೆ ಕಷ್ಟ. ಎಂಜಿನ್ ಹೇಗೂ ಬಿಚ್ಚುವುದಿದ್ದರೆ ಮಾತ್ರ ಆ ದಾರಿ ನೋಡಿ.

ಹುಬ್ಬಳ್ಳಿ-ಅಂಕೋಲಾ ಲೈನಿನ ಲಾರಿ. ಹಿಂದಿನ ಎಡಗಾಲಿಯ ವೀಲ್ ಸ್ಟಡ್ ಆರು ತಿಂಗಳಲ್ಲಿ ಮೂರು ಸಲ ಮುರಿದವು. ಒಂದು ಹಾಕಿದರೆ ಪಕ್ಕದ್ದು ಮುರಿಯುತ್ತದೆ. ಸ್ಟಡ್ ಕಳಪೆಯೋ?
— ಲಾರಿ ಮಾಲೀಕರು, ಹುಬ್ಬಳ್ಳಿ

ಮುರಿದ ಸ್ಟಡ್ ಇಟ್ಟುಕೊಂಡಿದ್ದರೆ ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಅಂಚಿನಿಂದ ಶುರುವಾಗಿ, ಕೆರೆಯ ನೀರು ಇಳಿದಾಗ ದಂಡೆಯ ಮೇಲೆ ಉಳಿಯುವ ಗೆರೆಗಳಂತೆ ಬಿಲ್ಲಿನಾಕಾರದ ಗೆರೆಗಳು, ಆ ಭಾಗ ನುಣುಪು, ಕೆಲವೊಮ್ಮೆ ಜಂಗಿನ ಬಣ್ಣ. ಉಳಿದ ಚಿಕ್ಕ ಭಾಗ ಮಾತ್ರ ಒರಟು, ಹೊಸದಾಗಿ ಹೊಳೆಯುತ್ತಿದ್ದರೆ ಸ್ಟಡ್ ಒಂದೇ ಏಟಿಗೆ ಮುರಿದಿಲ್ಲ, ದಿನದಿನವೂ ಬಾಗಿ ಬಾಗಿ ದಣಿದು ಮುರಿದಿದೆ. ಅದಕ್ಕೆ ಕಾರಣ ಹೆಚ್ಚಾಗಿ ಸಡಿಲ ನಟ್. ನಟ್ ಸರಿಯಾಗಿ ಬಿಗಿದಿದ್ದರೆ ಡಿಸ್ಕು ಮತ್ತು ಹಬ್ ನಡುವಿನ ಒತ್ತಡವೇ ಭಾರ ಹೊರುತ್ತದೆ. ಸಡಿಲವಾದರೆ ಭಾರವೆಲ್ಲ ಸ್ಟಡ್‌ನ ಕತ್ತಿಗೆ ಬೀಳುತ್ತದೆ, ಯಲ್ಲಾಪುರ-ಅಂಕೋಲಾ ನಡುವಿನ ಅರಬೈಲ್ ಘಟ್ಟ ಇಳಿಯುವಾಗಿನ ಬ್ರೇಕ್ ಏಟು ಕೂಡಿ. ಒಂದು ಮುರಿದ ಮೇಲೆ ಅದರ ಎರಡೂ ಬದಿಯವು ಹೆಚ್ಚಿನ ಭಾರ ಹೊತ್ತು ಆಗಲೇ ಬಿರುಕು ಬಿಟ್ಟಿರುತ್ತವೆ. ನಿಮ್ಮಲ್ಲಿ ಆಗುತ್ತಿರುವುದು ಇದೇ. ಆ ಹಬ್ಬಿನ ಸ್ಟಡ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ನಟ್ ಸಮೇತ.

ಸಡಿಲವಾಗಲು ಕಾರಣ ಹುಡುಕಿ. ಡಿಸ್ಕಿನ ಮುಖಕ್ಕೆ ದಪ್ಪ ಬಣ್ಣ ಬಳಿದಿದ್ದರೆ, ಜಂಗಿನ ಹೆಕ್ಕಳಿಕೆ ಉಳಿದಿದ್ದರೆ, ನಾಲ್ಕು ದಿನದಲ್ಲಿ ಅದು ಪುಡಿಯಾಗಿ ಅಷ್ಟರಮಟ್ಟಿಗೆ ನಟ್ ಸಡಿಲಾಗುತ್ತದೆ. ಕರಾವಳಿಯ ಉಪ್ಪುಗಾಳಿ ತಿಂದ ಮುಖಗಳಲ್ಲಿ ಇದು ಇನ್ನೂ ಹೆಚ್ಚು. ಕೂಡುವ ಮುಖಗಳನ್ನು ಲೋಹ ಕಾಣುವಂತೆ ಉಜ್ಜಿ. ಡಿಸ್ಕಿನ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಡಿಸ್ಕೇ ಬದಲಿಸಬೇಕು. ಎದುರು ಬದುರು ಕ್ರಮದಲ್ಲಿ ಬಿಗಿದು, ಕೊನೆಯ ಬಿಗಿ ಗಾಡಿಯ ಪುಸ್ತಕದಲ್ಲಿರುವ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಟಾರ್ಕ್ ಪಾನಾದಿಂದಲೇ ಆಗಲಿ, ಇಂಪ್ಯಾಕ್ಟ್ ಗನ್ನಿನ ಸದ್ದು ಕೇಳಿ ಅಳೆಯಬೇಡಿ. 50ರಿಂದ 100 ಕಿಮೀ ಓಡಿದ ಮೇಲೆ ಮತ್ತೊಮ್ಮೆ. ಈ ಎರಡನೆಯ ಬಿಗಿ ತಪ್ಪಿಸುವುದರಿಂದಲೇ ಬಹಳಷ್ಟು ಸ್ಟಡ್ ಮುರಿಯುತ್ತವೆ. ಅಂಕೋಲಾ ಲೋಡ್ ಆದರೆ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಇದನ್ನು ಮುಗಿಸಬಹುದು, ಘಟ್ಟ ಇನ್ನೂ ಮುಂದಿರುತ್ತದೆ.

ಮುರಿದ ಸ್ಟಡ್ ಹಬ್ಬಿನ ಹಿಂಬದಿಯಿಂದ ಒತ್ತಿ ಕೂರಿಸಿದ್ದು. ಡ್ರಮ್ ಬಿಚ್ಚಿ ಪ್ರೆಸ್‌ನಿಂದ ತೆಗೆಯಬೇಕು. ಹೊಸ ಸ್ಟಡ್ ಸಡಿಲವಾಗಿ ಕೂತರೆ ಹಿಂದೆ ವೆಲ್ಡ್ ಹಾಕುವ ರೂಢಿ ಕೆಲವೆಡೆ ಇದೆ. ಅದು ಅಪಾಯ. ವೆಲ್ಡಿನ ಅಂಚೇ ಮುಂದಿನ ಬಿರುಕಿನ ಹುಟ್ಟು. ಹಳೆಯ ಕೆಲವು ಲಾರಿಗಳ ಎಡಬದಿಯ ಗಾಲಿಗೆ ಎಡಗೈ ಥ್ರೆಡ್ ಇರುತ್ತದೆ, ಸ್ಟಡ್ ತುದಿಯಲ್ಲಿ ‘ಎಲ್’ ಅಕ್ಷರ ನೋಡಿಯೇ ಗನ್ ಹಚ್ಚಿ.

ಸ್ಕೂಟರ್ ಡಿಸ್ಕ್ ಪ್ಲೇಟಿನ ಆಲನ್ ಬೋಲ್ಟ್ ತಲೆ ಒಳಗೆ ದುಂಡಗಾಗಿದೆ.
— ಬ್ಯಾಡಗಿ

ಅಲ್ಲಿರುವುದು ಜಂಗಲ್ಲ, ಕಾರ್ಖಾನೆಯಲ್ಲಿ ಹಾಕಿದ ಥ್ರೆಡ್ ಲಾಕ್ ಅಂಟು. ಗಟ್ಟಿ ಜಾತಿಯ ಅಂಟು ಸುಮಾರು 250 ಡಿಗ್ರಿಗೆ ಬಿಡುತ್ತದೆ. ದೊಡ್ಡ ಸೋಲ್ಡರಿಂಗ್ ಕಡ್ಡಿಯನ್ನು ಬೋಲ್ಟ್ ತಲೆಯೊಳಗೆ ನಾಲ್ಕೈದು ನಿಮಿಷ ಇಡಿ. ನಂತರ 5 ಮಿಮೀ ಆಲನ್ (ಆರು ಮೂಲೆಯ) ತೂತಿಗೆ ಟಿ30, 6 ಮಿಮೀಗೆ ಟಿ40 ಟಾರ್ಕ್ಸ್ (ನಕ್ಷತ್ರಾಕಾರದ) ಬಿಟ್ ಸುತ್ತಿಗೆಯಿಂದ ಹೊಡೆದು ಕೂರಿಸಿ ತಿರುಗಿಸಿ. ಹೊಸ ಬೋಲ್ಟ್ ಹಾಕಿ, ಹೊಸ ಅಂಟಿನೊಂದಿಗೆ.

ಕಾರಿನ ಬ್ರೇಕ್ ಬ್ಲೀಡ್ ನಿಪ್ಪಲ್ ತಿರುಗಿಸಿದರೆ ಮುರಿಯುತ್ತದೆ ಎಂಬ ಭಯ.
— ಕಲಘಟಗಿ

ಭಯ ಸರಿಯಾದದ್ದೇ, ಬ್ರೇಕ್ ಎಣ್ಣೆಯ ಗಾಳಿ ಬಿಡಲು ಇರುವ ಈ ನಿಪ್ಪಲ್ ಒಳಗೆ ಟೊಳ್ಳು, ಹಿಚುಕಿದರೆ ಕುಗ್ಗುತ್ತದೆ. ಅದರ ತೂತಿಗೆ ಬಿಗಿಯಾಗಿ ಕೂಡುವ ಡ್ರಿಲ್ ಬಿಟ್ಟಿನ ನುಣುಪಾದ ಹಿಂಬದಿಯನ್ನು ಒಳಗೆ ತುರುಕಿ, ಆಮೇಲೆ ಆರು ಮೂಲೆಯ ಸಾಕೆಟ್ ಹಾಕಿ. ಅದಕ್ಕೂ ಮೊದಲು ಬುಡದ ಸುತ್ತ ಚಿಕ್ಕ ಸುತ್ತಿಗೆಯಿಂದ ತಟ್ಟಿ, ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಸ್ಟಡ್ ಏನೋ ಬಂತು. ಆದರ ಎಂ8 ತೂತಿನ ಥ್ರೆಡ್ ಕಿತ್ತು ಹ್ವಾಗ್ಯಾವು. ದೊಡ್ಡ ಬೋಲ್ಟ್ ಹಾಕಲೋ, ಹೆಲಿಕಾಯಿಲ್ ಹಾಕಸಲೋ? ಮುಂದ ಮತ್ತ ಕಚ್ಚಬಾರದು ಅಂದರ ಏನ ಹಚ್ಚಬೇಕ್ರಿ?
— ಲಕ್ಷ್ಮೇಶ್ವರ

ನಿಜವಾಗಿ ಕಿತ್ತಿವೆಯೇ, ಇಲ್ಲವೇ ಕೊಳೆ ತುಂಬಿದೆಯೇ ಎಂದು ಮೊದಲು ನೋಡಿ. ಹೊಸ ಎಂ8 ಬೋಲ್ಟಿನ ಉದ್ದಕ್ಕೆ ಹ್ಯಾಕ್ಸಾದಿಂದ ಮೂರು ಕಡೆ ಸೀಳು ಕೊಯ್ದು, ಅಂಚು ಫೈಲ್ ಮಾಡಿ, ಎಣ್ಣೆ ಹಚ್ಚಿ ಕೈಯಿಂದಲೇ ಓಡಿಸಿ. ಸೀಳುಗಳು ಕೊಳೆ ಹೊರತರುತ್ತವೆ, ಇರುವ ಥ್ರೆಡ್ ಕೊರೆಯುವುದಿಲ್ಲ. ಹೊಸ ಕಟಿಂಗ್ ಟ್ಯಾಪ್ ಓಡಿಸಿದರೆ ಉಳಿದ ಥ್ರೆಡ್ಡನ್ನೂ ತೆಳ್ಳಗೆ ಮಾಡಿಬಿಡುತ್ತದೆ.

ಕಿತ್ತಿರುವುದೇ ಖಾತ್ರಿಯಾದರೆ ಹೆಲಿಕಾಯಿಲ್, ಅಂದರೆ ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ, ಹಾಕಿಸಿ. ದೊಡ್ಡ ಬೋಲ್ಟ್ ಹಾಕಿದರೆ ಸುತ್ತಲಿನ ಗೋಡೆ ತೆಳುವಾಗುತ್ತದೆ, ಫ್ಲ್ಯಾಂಜಿನ ತೂತನ್ನೂ ದೊಡ್ಡದು ಮಾಡಬೇಕಾಗುತ್ತದೆ. ಎಂ8ಕ್ಕೆ 8.3 ಮಿಮೀ ಡ್ರಿಲ್, ಆ ಕಿಟ್‌ನದ್ದೇ ಟ್ಯಾಪ್, ಮಾಮೂಲಿ ಟ್ಯಾಪ್ ನಡೆಯುವುದಿಲ್ಲ. ಸುರುಳಿ ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ನಿಲ್ಲಬೇಕು. ಕೆಳಗಿನ ಅಡ್ಡಕಡ್ಡಿ ಮುರಿದು ಹೊರತೆಗೆಯಲು ಮರೆಯಬೇಡಿ. ಡ್ರಿಲ್ ನೇರ ನಿಲ್ಲದಿದ್ದರೆ ಸ್ಟಡ್ ವಾಲುತ್ತದೆ, ಹಾಗಾಗಿ ಪಿಲ್ಲರ್ ಡ್ರಿಲ್ ಇರುವವರಲ್ಲಿ ಮಾಡಿಸಿ.

ತೂತು ತಳ ಮುಚ್ಚಿದ್ದಾದರೆ ಒಳಗೆ ಎಣ್ಣೆ ನಿಲ್ಲದಂತೆ ಗಾಳಿ ಊದಿ ಒಣಗಿಸಿ. ಎಣ್ಣೆಯ ಮೇಲೆ ಬೋಲ್ಟ್ ಬಿಗಿದರೆ ಹೋಗಲು ಜಾಗವಿಲ್ಲದೆ ಎರಕವನ್ನೇ ಸೀಳುತ್ತದೆ. ಊದುವಾಗ ಕಣ್ಣು ಜೋಪಾನ. ಹಚ್ಚುವುದಕ್ಕೆ, ಸೈಲೆನ್ಸರ್ ಕಡೆಯ ಸ್ಟಡ್ ಆದರೆ ಕಾಪರ್ ಆಂಟಿ-ಸೀಜ್ (ಕಚ್ಚದಂತೆ ತಡೆಯುವ ತಾಮ್ರದ ಪೇಸ್ಟ್), ಕಡಲೆಕಾಳಿನಷ್ಟು ಸಾಕು. ಮಾಮೂಲಿ ಗ್ರೀಸ್ ಅಲ್ಲಿಯ ಕಾವಿಗೆ ಉರಿದು ಮಸಿಯಾಗಿ ಅದೇ ಕಚ್ಚಿಕೊಳ್ಳುತ್ತದೆ. ಹಚ್ಚಿದ ಮೇಲೆ ಥ್ರೆಡ್ ನುಣುಪಾಗಿ ಅದೇ ಟಾರ್ಕ್‌ಗೆ ಹೆಚ್ಚು ಎಳೆತ ಬೀಳುವುದರಿಂದ ಬಿಗಿಯನ್ನು ಐದರಲ್ಲೊಂದು ಪಾಲು ತಗ್ಗಿಸಿ: ಒಣ ಎಂ8, 8.8 ಬೋಲ್ಟ್‌ಗೆ 25 ನ್ಯೂಟನ್ ಮೀಟರ್ ಆದರೆ ಹಚ್ಚಿದ್ದಕ್ಕೆ 20. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಗಾಲಿಯ ನಟ್ಟಿಗೆ ಮಾತ್ರ, ತಯಾರಕರು ಹೇಳದ ಹೊರತು, ಏನನ್ನೂ ಹಚ್ಚಬೇಡಿ.